ಒಳಗಿನ ಹೆಸರು, ಹೊರಗಿನ ಹೆಸರು

ನಮ್ಮ ಅಡುಗೆಮನೆಯ ಗ್ರೈಂಡರಿಗೆ ತಂದ ದಿನದಿಂದಲೂ ಒಂದು ಕಾಲು ಗಿಡ್ಡ. ಅದರಡಿಗೆ ಮಡಚಿ ಇಟ್ಟಿದ್ದ ರಟ್ಟನ್ನು ಮೊನ್ನೆ ನೆಲ ಒರೆಸುವಾಗ ಎಳೆದೆ. ಎಳೆದದ್ದೇ ತಡ, ಗ್ರೈಂಡರು ವಾಲಿ ಎರಡು ಸೌಟು ದೋಸೆ ಹಿಟ್ಟು ನೆಲದ ಪಾಲಾಯಿತು. ಬಯ್ಯಬೇಕಾದವರು ಬಯ್ದರು. ನಾನು ಮಾತ್ರ ಹಿಟ್ಟಿನ ಪಕ್ಕದಲ್ಲೇ ಕೂತು ರಟ್ಟನ್ನು ಬಿಡಿಸಿ ನೋಡುತ್ತಿದ್ದೆ. ನಡುವೆ ಬ್ಲೇಡಿನಲ್ಲಿ ಕೊರೆದ ಒಂದು ಚೌಕ ಕಿಟಕಿ, ಮೇಲೆ ನನ್ನದೇ ಅಕ್ಷರದಲ್ಲಿ 'ಮುಟ್ಟಬಾರದು' ಅಂತ ಬರೆದದ್ದು. ಇದು ನಾನು ಮೇಡಮ್ಮಾಗಿದ್ದ ಕಾಲದ ರಟ್ಟು. ನಾನೂ ಒಂದು ಕಾಲದಲ್ಲಿ ಮೇಡಮ್ಮಾಗಿದ್ದೆ ಎಂದರೆ ನಮ್ಮ ಮನೆಯಲ್ಲಿ ಈಗ ಯಾರೂ ನಂಬುವುದಿಲ್ಲ, ನೀವಾದರೂ ನಂಬಿ.

ಎರಡು ಸಾವಿರದ ದಶಕ ಆಗಷ್ಟೇ ಶುರುವಾಗಿತ್ತು. ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ, ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಮೂರು ಕಂಪ್ಯೂಟರು, ಅವಕ್ಕೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ. ಮಠಕ್ಕೆ ಹೋದ ಹಾಗೆ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು. ಧೂಳು ಒಳಗೆ ಹೋದರೆ ಕಂಪ್ಯೂಟರು ಸಾಯುತ್ತದೆ ಎಂದು ಕೇಂದ್ರದ ಮಾಲೀಕರಿಗೆ ಯಾರೋ ಹೇಳಿದ್ದರು. ಪಾಠ ಮುಗಿಸಿ ಹೊರಟಾಗ ಒಬ್ಬರ ಚಪ್ಪಲಿ ಇನ್ನೊಬ್ಬರ ಕಾಲಲ್ಲಿ ಶೃಂಗೇರಿಗೆ ಹೋಗಿಬಿಟ್ಟಿರುತ್ತಿತ್ತು. ಕರೆಂಟು ಇದ್ದಾಗ ಕಂಪ್ಯೂಟರಿನಲ್ಲಿ ಪಾಠ, ಇಲ್ಲದಾಗ ಕಾಗದದ ಮೇಲೆ ಪಾಠ. ಹಾಗಾಗಿ ನಮ್ಮ ಮಕ್ಕಳು ಪ್ರೋಗ್ರಾಮ್ ಬರೆಯುವುದನ್ನು ಹೆಚ್ಚಾಗಿ ಪೆನ್ನಿನಲ್ಲೇ ಕಲಿತರು.

ನಾನು ನರಸಿಂಹರಾಜಪುರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಬಿಎಸ್ಸಿ ಮುಗಿಸಿ ಒಂದು ವರ್ಷವೂ ಆಗಿರಲಿಲ್ಲ. ಗತ್ತಿಗೆ ಮಾತ್ರ ಕೊರತೆಯಿರಲಿಲ್ಲ. ಸಿ ಭಾಷೆಯ ಪಾಠದಲ್ಲಿ ಉಳಿದದ್ದೆಲ್ಲ ಹೇಗೋ ಮಕ್ಕಳ ತಲೆಗೆ ಹೋಗುತ್ತಿತ್ತು. ಒಂದೇ ಒಂದು ವಿಷಯ ಹೋಗುತ್ತಿರಲಿಲ್ಲ. ಪ್ರೋಗ್ರಾಮಿನಲ್ಲಿ ನಾವು ಒಂದು ಸಂಖ್ಯೆಗೋ ಅಕ್ಷರಕ್ಕೋ ಹೆಸರಿಡುತ್ತೇವಲ್ಲ, ಆ ಹೆಸರು ಎಲ್ಲಿಂದ ಎಲ್ಲಿಯವರೆಗೆ ನಡೆಯುತ್ತದೆ, ಯಾರಿಗೆ ಕಾಣುತ್ತದೆ, ಯಾರಿಗೆ ಕಾಣುವುದಿಲ್ಲ ಎಂಬ ವಿಷಯ. ಇಂಗ್ಲಿಷಿನ ಪುಸ್ತಕಗಳು ಇದನ್ನು ಸ್ಕೋಪ್ ಎನ್ನುತ್ತವೆ. ನಾವು ಹೈಸ್ಕೂಲಿನ ಲೆಕ್ಕದಲ್ಲಿ ಪುಷ್ಪಾವರಣ ಎಂದು ಕಲಿತ ಆ ಬಳುಕುವ ಕಂಸ ಇದೆಯಲ್ಲ, ಸಿ ಭಾಷೆಯಲ್ಲಿ ಎಲ್ಲ ಅದರದೇ ಕಾರುಬಾರು. ಅದು ತೆರೆದಲ್ಲಿ ಒಂದು ಮನೆ ಶುರು, ಮುಚ್ಚಿದಲ್ಲಿ ಮನೆ ಮುಗಿಯಿತು. ಒಳಗೆ ಹುಟ್ಟಿದ ಹೆಸರು ಒಳಗೇ.

ನಮ್ಮ ಸೀಮೆಯವರಿಗೆ ಇದನ್ನು ಬೇರೆ ಕಲಿಸಬೇಕೇ ಎಂದು ಈಗ ಅನಿಸುತ್ತದೆ. ಶೃಂಗೇರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು 'ಭಟ್ರೇ' ಎಂದು ಕೂಗಿ ನೋಡಿ, ಹತ್ತು ಜನ ತಿರುಗುತ್ತಾರೆ. ಅದೇ ಒಂದು ಮನೆಯ ಜಗಲಿಯಲ್ಲಿ ಹಾಗೆ ಕರೆದರೆ ಒಬ್ಬರೇ ಓಗೊಡುತ್ತಾರೆ. ಇನ್ನು ಶೃಂಗೇರಿ ಅಮ್ಮನವರ ಹೆಸರು ಇಲ್ಲಿ ಮನೆಗೊಂದಾದರೂ ಇರುತ್ತದೆ. ನನ್ನ ಎಂಟು ಜನರ ಒಂದು ತಂಡದಲ್ಲೇ ಇಬ್ಬರು ಶಾರದೆಯರಿದ್ದರು. ಹಾಜರಿ ಕರೆಯುವಾಗ ಉದ್ದ ಶಾರದ, ಗಿಡ್ಡ ಶಾರದ ಎಂದು ನಾನೇ ಹೆಸರಿಟ್ಟಿದ್ದೆ. ಗಿಡ್ಡ ಶಾರದ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದಳು.

ನನ್ನದಾದರೂ ಏನು ಕಡಿಮೆ ಅವಮಾನವೇ? ಮನೆಯಲ್ಲಿ ನನ್ನನ್ನು ಪುಟ್ಟಿ ಎನ್ನುತ್ತಿದ್ದರು. ಆ ಹೆಸರು ಮನೆಯ ಹೊಸಿಲು ದಾಟದ ಹಾಗೆ ಇಪ್ಪತ್ತೆರಡು ವರ್ಷ ಜೋಪಾನ ಮಾಡಿದ್ದೆ. ಒಂದು ದಿನ ಅಪ್ಪ ಯಾವುದೋ ಕೆಲಸಕ್ಕೆ ಕೊಪ್ಪಕ್ಕೆ ಬಂದವರು, ನಾನು ಮರೆತ ಊಟದ ಡಬ್ಬಿ ಹಿಡಿದು, ಮಹಡಿ ಮೆಟ್ಟಿಲ ಕೆಳಗೆ ನಿಂತು, ಇಡೀ ಬೀದಿಗೆ ಕೇಳುವ ಹಾಗೆ 'ಪುಟ್ಟೀ' ಎಂದು ಕರೆದರು. ಮೇಲೆ ನಾನು ಕಪ್ಪು ಹಲಗೆಯ ಮುಂದೆ ನಿಂತು, ಒಳಗಿನ ಹೆಸರು ಹೊರಗೆ ಸೋರಬಾರದು ಎಂದು ವಿವರಿಸುತ್ತಿದ್ದೆ. ಆಮೇಲೆ ಒಂದು ತಿಂಗಳು ನನ್ನ ಬೆನ್ನ ಹಿಂದೆ ಯಾರೋ ಮೆಲ್ಲಗೆ ಪುಟ್ಟಿ ಮಿಸ್ ಎನ್ನುತ್ತಿದ್ದರು.

ಈ ಹೆಸರುಗಳ ಸಂಗತಿಯನ್ನು ಒಂದು ಸಲಕ್ಕೆ ಸರಿಯಾಗಿ, ಯಾರೂ ಎರಡು ಮಾತಾಡದ ಹಾಗೆ, ನಿಯಮ ಮಾಡಿ ಬರೆದುಬಿಡಬೇಕು ಎಂದು ನನಗೆ ಹುಚ್ಚು ಹಿಡಿಯಿತು. ಒಂದು ನೋಟ್‌ಬುಕ್ ಇಟ್ಟೆ. ಹೆಸರು ಅದನ್ನು ಘೋಷಿಸಿದ ಸಾಲಿನಿಂದ ಆ ಆವರಣ ಮುಚ್ಚುವವರೆಗೆ ನಡೆಯುತ್ತದೆ ಎಂದು ಬರೆದೆ. ಒಳಗೂ ಹೊರಗೂ ಒಂದೇ ಹೆಸರಿದ್ದರೆ ಒಳಗಿನದೇ ನಡೆಯುತ್ತದೆ, ಹೊರಗಿನದು ಸಾಯುವುದಿಲ್ಲ, ಅಷ್ಟು ಹೊತ್ತು ಮರೆಯಾಗಿರುತ್ತದೆ ಎಂದು ಬರೆದೆ. ಎಲ್ಲ ಆವರಣಗಳ ಹೊರಗೆ, ಪುಟದ ತಲೆಯಲ್ಲಿ ಬರೆದ ಹೆಸರು ಎಲ್ಲ ಕಡೆಗೂ ಕಾಣುತ್ತದೆ ಎಂದೂ ಬರೆದೆ. ಹಾಗೆ ಮೇಲೆ ಬರೆಯುವುದು ಕೆಟ್ಟ ಅಭ್ಯಾಸ, ಕಂಡವರೆಲ್ಲ ಕೈಹಾಕಿ ಕೆಡಿಸುತ್ತಾರೆ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ ಎಂದು ದಿನಕ್ಕೆ ಮೂರು ಸಲ ಹೇಳುತ್ತಿದ್ದೆ. ಒಂದೊಂದು ನಿಯಮ ಬರೆದಾಗಲೂ ಮಕ್ಕಳು ಅದರಲ್ಲಿ ತೂತು ಹುಡುಕುತ್ತಿದ್ದರು. "ಹೊರಗೆ ಅಂದ್ರೆ ಎಷ್ಟು ಹೊರಗೆ ಮಿಸ್, ಶಿವಮೊಗ್ಗದ ತನಕವಾ?" ಎಂದು ಉದ್ದ ಶಾರದ ಕೇಳಿದ್ದಳು. ನಾನು ಆ ಸಾಲು ಹೊಡೆದು ಹಾಕಿ ಮತ್ತೆ ಬರೆದೆ.

ರಟ್ಟು ಹುಟ್ಟಿದ್ದು ಆಗ. ಕಂಪ್ಯೂಟರು ಬಂದ ಪೆಟ್ಟಿಗೆಯಿಂದ ಕತ್ತರಿಸಿ, ನಡುವೆ ಕಿಟಕಿ ಕೊರೆದೆ. ಪ್ರೋಗ್ರಾಮ್ ಬರೆದ ಹಾಳೆಯ ಮೇಲೆ ಅದನ್ನಿಟ್ಟು, ಕಿಟಕಿಯಲ್ಲಿ ಕಂಡಷ್ಟೇ ಆ ಆವರಣದ ಹೆಸರುಗಳು ಎಂದು ತೋರಿಸಿದೆ. ನನ್ನ ಬುದ್ಧಿಗೆ ನಾನೇ ತಲೆದೂಗುತ್ತಿರುವಾಗ ಹಿಂದಿನ ಬೆಂಚಿನಿಂದ ವಿಮಲಕ್ಕ ಕೈಯೆತ್ತಿದಳು.

ವಿಮಲಕ್ಕನ ಪರಿಚಯ ಮಾಡಿಕೊಡಲೇಬೇಕು. ಸೀತೂರಿನ ಕಡೆಯಿಂದ ಬರುತ್ತಿದ್ದ, ನಲವತ್ತರ ಹತ್ತಿರದ ಹೆಂಗಸು. ಮದುವೆಯಾಗಿ ಇಪ್ಪತ್ತು ವರ್ಷ. ಗಂಡನಿಗೆ ಗದ್ದೆ ಕೆಲಸ, ಮನೆಯಲ್ಲಿ ಅತ್ತೆ. ಹತ್ತನೇ ಕ್ಲಾಸಿನಲ್ಲಿ ಒಳ್ಳೆಯ ಅಂಕ ತೆಗೆದಿದ್ದವಳು ಮುಂದೆ ಓದಿರಲಿಲ್ಲ. ಅವರ ಮನೆ ಹತ್ತಿರದ ಶಾಲೆಯೊಂದಕ್ಕೆ ಯಾರೋ ಎರಡು ಕಂಪ್ಯೂಟರು ದಾನ ಕೊಟ್ಟಿದ್ದರು. ಬಿಚ್ಚಿ ಹೇಳಿಕೊಡುವವರಿಲ್ಲದೆ ಅವು ಪೆಟ್ಟಿಗೆಯಲ್ಲೇ ಕೂತಿದ್ದವು. ಸರ್ಟಿಫಿಕೇಟು ಇದ್ದರೆ ನಿನ್ನನ್ನೇ ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿಯ ಹೆಡ್‌ಮಾಸ್ಟರು ಅವಳಿಗೆ ಮಾತು ಕೊಟ್ಟಿದ್ದರು. ಜೂನ್ ತಿಂಗಳ ಒಳಗೆ ಬೇಕು, ಇಲ್ಲದಿದ್ದರೆ ಬೇರೆಯವರು. ನನಗಿಂತ ಅಷ್ಟು ದೊಡ್ಡವಳಾದರೂ ಅವಳು ನನ್ನನ್ನು ಮಿಸ್ ಎಂದೇ ಕರೆಯುತ್ತಿದ್ದಳು, ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

"ನಿಮ್ಮ ರಟ್ಟು ತಪ್ಪು ಮಿಸ್," ಎಂದಳು ವಿಮಲಕ್ಕ. "ಒಳಗಿದ್ದವರಿಗೆ ಹೊರಗಿಂದು ಕಾಣ್ತದೆ ಅಂತ ನೀವೇ ಹೇಳಿದ್ದಲ್ದಾ? ಈ ರಟ್ಟಲ್ಲಿ ಹೊರಗಿಂದೆಲ್ಲ ಮುಚ್ಚಿ ಹೋಗ್ತದೆ."

ನಾನು ರಟ್ಟು ನೋಡಿದೆ, ನೋಟ್‌ಬುಕ್ ನೋಡಿದೆ. ಅವಳು ಹೇಳಿದ್ದೇ ಸರಿ.

"ಅಡುಗೆಮನೆ ಹಂಗೆ ಮಿಸ್ ಇದು," ಎಂದು ಅವಳೇ ವಿವರಿಸಿದಳು. "ಜಗಲೀಲಿ ಯಾರು ಬಂದ್ರು, ಎಂತ ಮಾತಾಡಿದ್ರು, ಎಷ್ಟು ಕಾಫಿ ಬೇಕು, ಎಲ್ಲ ನಂಗೆ ಒಳಗಿಂದಲೇ ಗೊತ್ತಾಗ್ತದೆ. ಜಗಲೀಲಿ ಕೂತವ್ರಿಗೆ ಒಳಗೆ ಸಕ್ಕರೆ ಮುಗಿದದ್ದು ಗೊತ್ತಾಗಲ್ಲ."

ಎಂಟೂ ಜನ ಗೊಳ್ಳೆಂದು ನಕ್ಕರು. ನಕ್ಕ ಮೇಲೆ ಆ ಪಾಠವನ್ನು ಒಬ್ಬರೂ ಮರೆಯಲಿಲ್ಲ. ನನ್ನ ರಟ್ಟು ಅಂದೇ ನಿವೃತ್ತಿಯಾಗಿ ಮನೆಗೆ ಬಂತು.

ಮರುದಿನದ ಪಾಠ ಇನ್ನೊಂದು ನಿಯಮದ್ದು. ಒಂದೇ ಆವರಣದಲ್ಲಿ ಒಂದೇ ಹೆಸರನ್ನು ಎರಡು ಸಲ ಘೋಷಿಸುವಂತಿಲ್ಲ, ಹಾಗೆ ಮಾಡಿದರೆ ಯಂತ್ರ ಒಪ್ಪುವುದಿಲ್ಲ, ತಪ್ಪು ಎಂದು ತೋರಿಸಿ ನಿಂತುಬಿಡುತ್ತದೆ.

"ಹಂಗಾದ್ರೆ ಎಂತ ಮಾಡ್ಬೇಕು ಮಿಸ್?" ಎಂದು ವಿಮಲಕ್ಕ ಕೇಳಿದಳು.

"ಎರಡನೇದರ ಹೆಸರು ಬದಲಾಯಿಸಬೇಕು."

"ಮೊದಲನೇದನ್ನ ಬದಲಾಯಿಸಿದ್ರೆ ಆಗಲ್ವಾ?"

"ಆಗ್ತದೆ. ಆದರೆ ಆ ಹೆಸರು ಬಳಸಿದ ಕಡೆಯೆಲ್ಲ ಹುಡುಕಿ ತಿದ್ದಬೇಕಾಗ್ತದೆ ವಿಮಲಕ್ಕ. ಹೊಸದಾಗಿ ಬಂದದ್ದರ ಹೆಸರು ಬದಲಾಯಿಸೋದು ಸುಲಭ."

"ಹೌದು, ಸುಲಭ," ಎಂದು ಅವಳು ತಲೆ ತಗ್ಗಿಸಿ ಬರೆದುಕೊಂಡಳು. ಪಾಠ ಅರ್ಥವಾಯಿತಲ್ಲ ಎಂದು ನಾನು ಖುಷಿಯಿಂದ ಮುಂದಿನ ಪುಟ ತೆಗೆದೆ. ಆ ಖುಷಿ ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಪರೀಕ್ಷೆಯ ಅರ್ಜಿಗಳನ್ನು ತುಂಬಿದ್ದು ನಾನು. ಒಬ್ಬೊಬ್ಬರೂ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ತಂದುಕೊಟ್ಟಿದ್ದರು. ಅವನ್ನು ಓದುವ ಗೋಜಿಗೆ ಹೋಗದೆ, ಹಾಜರಿ ಪುಸ್ತಕದಿಂದ ಹೆಸರು ಇಳಿಸಿ, ಜೆರಾಕ್ಸನ್ನು ಹಿಂದೆ ಪಿನ್ ಮಾಡಿ ಕಳಿಸಿಬಿಟ್ಟೆ. ಪರೀಕ್ಷೆಗೆ ಹತ್ತು ದಿನವಿದೆ ಎನ್ನುವಾಗ ಹಾಲ್ ಟಿಕೆಟ್ ಬಂದವು. ಎಲ್ಲರೂ ತಮ್ಮದನ್ನು ತೆಗೆದುಕೊಂಡು ಹೋದರು. ವಿಮಲಕ್ಕ ಮಾತ್ರ ತನ್ನದನ್ನು ಹಿಡಿದು ನಿಂತೇ ಇದ್ದಳು.

"ಎಂತ ಆತು?" ಎಂದೆ.

"ಇದರಲ್ಲಿ ವಿಮಲಾ ಅಂತ ಇದೆ ಮಿಸ್."

"ಮತ್ತೆಂತ ಇರಬೇಕಿತ್ತು?"

ಅವಳು ಬ್ಯಾಗಿನಿಂದ ಮಾರ್ಕ್ಸ್ ಕಾರ್ಡು ತೆಗೆದು ಹೆಸರಿನ ಮೇಲೆ ಬೆರಳಿಟ್ಟಳು. ಶಾರದಾ ಎಂದಿತ್ತು.

"ಇದು ಯಾರು?" ಎಂದು ಕೇಳಿದೆ, ದಡ್ಡಿಯ ಹಾಗೆ.

ಆಗ ಅವಳು ಹೇಳಿದಳು. ಮದುವೆಯಾಗಿ ಹೋದ ಮನೆಯಲ್ಲಿ ಅತ್ತೆಯ ಹೆಸರೂ ಅದೇ. ಅತ್ತೆ ಸೊಸೆಗೆ ಒಂದೇ ಹೆಸರು ಇರಬಾರದು ಎಂದು ಧಾರೆಯ ದಿನವೇ ಇವಳ ಹೆಸರು ಬದಲಾಯಿಸಿದರು. ತಟ್ಟೆಯಲ್ಲಿ ಅಕ್ಕಿ ಹರಡಿ, ಪುರೋಹಿತರು ಹೇಳಿದ ಹೆಸರನ್ನು ಮದುಮಗ ಉಂಗುರದಲ್ಲಿ ಬರೆದ. "ಅಕ್ಕಿ ಮೇಲೆ ಬರ್ದದ್ದು ಮಿಸ್. ಮರುದಿನ ಅದೇ ಅಕ್ಕಿ ಪಾಯಸಕ್ಕೆ ಹೋತು," ಎಂದು ನಗಲು ನೋಡಿದಳು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ. ಹಾಗಾಗಿ ತನ್ನದೇ ಹೆಸರನ್ನು ಅವಳು ಇಪ್ಪತ್ತು ವರ್ಷದಿಂದ ಹೇಳಿರಲಿಲ್ಲ. ಸೇರುವ ದಿನ ನಾನು ಹೆಸರು ಕೇಳಿದಾಗಲೂ ವಿಮಲಾ ಎಂದೇ ಅವಳ ಬಾಯಿಗೆ ಬಂದಿತ್ತು. ಕ್ಲಾಸಿನ ಇಬ್ಬರು ಶಾರದೆಯರನ್ನೂ ಅವಳು 'ಏ ಕೂಸೆ' ಎಂದೇ ಕರೆಯುತ್ತಿದ್ದುದು ನನಗೆ ಆಗ ನೆನಪಾಯಿತು. ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಪರೀಕ್ಷೆಯ ಕಚೇರಿಗೆ ಫೋನ್ ಮಾಡಿದೆ. ಎರಡೂ ಹೆಸರು ಒಬ್ಬರದೇ ಎಂದು ಮನೆಯ ಹಿರಿಯರು ಬರೆದುಕೊಡಬೇಕು, ಅದಕ್ಕೆ ಅಧಿಕಾರಿಯೊಬ್ಬರ ರುಜು ಇರಬೇಕು, ಆಗ ಮಾರ್ಕ್ಸ್ ಕಾರ್ಡಿನ ಹೆಸರಲ್ಲೇ ಕೂರಿಸುತ್ತೇವೆ, ಇಲ್ಲದಿದ್ದರೆ ಬಾಗಿಲ ಒಳಗೂ ಬಿಡುವುದಿಲ್ಲ ಎಂದರು. ಅವಳ ಗಂಡನಿಗೆ ಹೇಳಿ ಕಳಿಸಿದೆವು. "ಅಮ್ಮನ ಹೆಸರಿನ ವಿಷಯ, ಅವ್ರನ್ನ ಬಿಟ್ಟು ನಾ ಎಂತ ಬರ್ಕೊಡ್ಲಿ," ಎಂದರಂತೆ. ಅತ್ತೆಯನ್ನು ಕೇಳುವ ಧೈರ್ಯ ವಿಮಲಕ್ಕನಿಗಿಲ್ಲ. ಮನೆಯಲ್ಲಿ ಜೋರಿನವರು ಎಂದು ಅವಳೇ ಹೇಳಿದ್ದಳು. ನನ್ನ ಸೋಮಾರಿತನದಿಂದ ಅವಳ ಶಾಲೆ, ಅವಳ ಎರಡು ಕಂಪ್ಯೂಟರು, ಆರು ತಿಂಗಳ ಬಸ್ಸಿನ ಓಡಾಟ ಎಲ್ಲ ನೀರುಪಾಲಾಗುವುದರಲ್ಲಿತ್ತು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ನಾನೇ ಒಂದು ಕಾಗದ ಬರೆದು ಅವಳ ಕೈಯಲ್ಲಿ ಅತ್ತೆಗೆ ಕಳಿಸಿದೆ. ತಪ್ಪು ನನ್ನದು, ದಯವಿಟ್ಟು ಒಂದು ಸಲ ಕೊಪ್ಪಕ್ಕೆ ಬನ್ನಿ ಎಂದು.

ಬಂದರು. ಪರೀಕ್ಷೆಗೆ ನಾಲ್ಕು ದಿನವಿದ್ದಾಗ, ಹನ್ನೊಂದರ ಬಸ್ಸಿಗೆ. ಬಿಳೀ ಕೂದಲು, ಸಣ್ಣ ದೇಹ, ಕೈಯಲ್ಲಿ ಕೊಡೆ. ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು ಹತ್ತಿದರು. ತಿರುಗುವ ಕುರ್ಚಿಯಲ್ಲಿ ಕೂರಲು ಹೇಳಿದರೆ, "ಬ್ಯಾಡ, ಅದು ನಿಂತಲ್ಲಿ ನಿಲ್ಲೋದಲ್ಲ," ಎಂದು ಬೆಂಚಿನ ಮೇಲೆ ಕೂತರು. ವಿಮಲಕ್ಕ ಗೋಡೆಗೆ ಒತ್ತಿಕೊಂಡು ನಿಂತಳು.

ನಾನು ಮೊದಲೇ ಟೈಪ್ ಮಾಡಿಟ್ಟಿದ್ದ ಹೇಳಿಕೆಯನ್ನು ಓದಿದೆ. ಶಾರದಮ್ಮ ಎಂಬ ನಾನು ಬರೆದುಕೊಡುವುದೇನೆಂದರೆ, ನನ್ನ ಸೊಸೆ ವಿಮಲಾ ಎಂಬುವರ ಮದುವೆಗೆ ಮೊದಲಿನ ಹೆಸರು ಶಾರದಾ ಎಂದಾಗಿದ್ದು...

"ತಪ್ಪು," ಎಂದರು ಅಜ್ಜಿ.

ನಾನು ಕಾಗದದಿಂದ ತಲೆಯೆತ್ತಿದೆ.

"ಮೊದಲಿನ ಹೆಸರು ಅಂತ ಎಂತಕ್ಕೆ ಬರ್ದಿದಿ ಕೂಸೆ? ಅವಳ ಹೆಸರು ಶಾರದಾ ಅಂತ ಬರಿ. ವಿಮಲಾ ಅಂತ ಕರೆದದ್ದು ನಾವು, ಅಂತ ಆಮೇಲೆ ಬರಿ."

ನಾನು ಬರೆದೆ. ಎರಡು ಸಲ ತಪ್ಪು ಅಕ್ಷರ ಒತ್ತಿದೆ. ವಿಮಲಕ್ಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಅಜ್ಜಿ ಅವಳತ್ತ ನೋಡದೆ, ಕೊಡೆಯ ಹಿಡಿ ತಿರುಗಿಸುತ್ತಾ, ಯಾವುದೋ ಹಳೇ ಸಂಗತಿ ಹೇಳುವ ಹಾಗೆ ಹೇಳಿದರು.

"ನಾ ಐವತ್ತು ವರ್ಷದ ಹಿಂದೆ ಸೊಸೆಯಾಗಿ ಬರುವಾಗ ಮನೇಲಿ ನಾದಿನಿ ರುಕ್ಮಿಣಿ ಅಂತ ಇದ್ದಳು. ನಂದೂ ಅದೇ ಹೆಸರು. ಅದಕ್ಕೆ ನಂಗೆ ಶಾರದಾ ಅಂತ ಮಾಡಿದ್ರು. ಎರಡೇ ವರ್ಷಕ್ಕೆ ನಾದಿನಿ ಮದುವೆಯಾಗಿ ಗಂಡನ ಮನೆಗೆ ಹೋದಳು. ವಾಪಸ್ ಕೊಡ್ತೀವಿ ಅಂತ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದ ವಿಮಲಕ್ಕನಿಗೂ ಇದು ಗೊತ್ತಿರಲಿಲ್ಲ. ಅವಳ ಹೆಸರನ್ನು ಯಾವ ಹೆಸರಿಗಾಗಿ ಕಿತ್ತುಕೊಂಡರೋ, ಅದು ಅತ್ತೆಗೂ ಹುಟ್ಟಿನಿಂದ ಬಂದದ್ದಾಗಿರಲಿಲ್ಲ.

"ಮತ್ತೆ ಇವಳಿಗೆ ನೀವು..." ಎಂದು ಶುರು ಮಾಡಿ ನಾನು ನಾಲಿಗೆ ಕಚ್ಚಿಕೊಂಡೆ.

"ಹೌದು, ನಾನೇ ಹೇಳಿ ಮಾಡಿಸಿದ್ದು," ಎಂದರು ಅಜ್ಜಿ. "ಹಂಗೇ ಮಾಡೋದು ಅಂತ ಅಂದ್ಕಂಡಿದ್ದೆ ಮಾರಾಯ್ತಿ. ಎಲ್ಲಿ ಸಹಿ ಹಾಕ್ಬೇಕು, ತೋರ್ಸು. ಬಸ್ಸು ತಪ್ತದೆ."

ಸಹಿ ಹಾಕಿದರು. ಆ ಸಂಜೆಯೇ ಅಧಿಕಾರಿಯ ರುಜುವೂ ಸಿಕ್ಕಿತು.

ಪರೀಕ್ಷೆಯ ದಿನ ಬಾಗಿಲಲ್ಲಿ ಕಾಗದ ನೋಡಿ, ಮುಖ ನೋಡಿ, ಅವಳನ್ನು ಒಳಗೆ ಬಿಟ್ಟರು. ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆದು ಓಡಿಸಿ ತೋರಿಸಬೇಕಾದ ಪರೀಕ್ಷೆ. ಐದು ವಿಷಯದ ಅಂಕ ಕೂಡಿಸಿ ಮೊತ್ತ ಹೇಳಬೇಕು, ಅಷ್ಟೇ. ನಾನು ಕಿಟಕಿಯ ಹೊರಗೆ ಕಂಬದ ಮರೆಯಲ್ಲಿ ನಿಂತಿದ್ದೆ. ಹಾಗೆ ನಿಲ್ಲುವಂತಿರಲಿಲ್ಲ, ಆದರೂ ನಿಂತಿದ್ದೆ. ಚಿಕ್ಕಮಗಳೂರಿನ ಕಡೆಯಿಂದ ಬಂದಿದ್ದ ಪರೀಕ್ಷಕರು ಅವಳ ಪರದೆಯ ಮುಂದೆ ಬಗ್ಗಿದರು.

"ಉತ್ತರ ಸರಿ ಬಂದಿದೆ. ಇದೇನಮ್ಮ, ಮೊತ್ತಕ್ಕೆ ರುಕ್ಮಿಣಿ ಅಂತ ಹೆಸರಿಟ್ಟಿದ್ದೀರಿ?"

"ನಮ್ಮತ್ತೆ ಹೆಸರು ಸರ್."

ಇಪ್ಪತ್ತು ವರ್ಷ ಅತ್ತೆಯ ಹೆಸರನ್ನು ಬಾಯಿಗೆ ತಾರದವಳು, ಅಂಜದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಇರಲಿ, ಹೆಸರು ಏನಾದರೂ ಇಡಬಹುದು. ಆದರೆ ಇದನ್ನ ಎಲ್ಲಕ್ಕೂ ಹೊರಗೆ, ಮೇಲೆ ಬರೆದಿದ್ದೀರಲ್ಲ. ಒಳಗೆ ಬರೀಬೇಕು ಅಂತ ನಿಮ್ಮ ಮೇಡಂ ಹೇಳಿಕೊಟ್ಟಿಲ್ಲವೇ?"

"ಹೇಳಿಕೊಟ್ಟಿದಾರೆ ಸರ್," ಎಂದಳು. ಪರೀಕ್ಷಕರು ಕೆಂಪು ಪೆನ್ನಿನಲ್ಲಿ ಏನೋ ಗುರುತು ಹಾಕಿ ಮುಂದೆ ಹೋದರು.

ಫಲಿತಾಂಶ ಮೇ ತಿಂಗಳ ಕೊನೆಗೆ ಬಂತು. ಸರ್ಟಿಫಿಕೇಟಿನ ಮೇಲೆ ಶಾರದಾ ಎಂದು ಅಚ್ಚಾಗಿತ್ತು, ಶಾಲೆಗೆ ಅಷ್ಟು ಸಾಕಾಗಿತ್ತು. ಆದರೆ ಒಂದೇ ಒಂದು ಅಂಕದಲ್ಲಿ ಅವಳಿಗೆ ಫಸ್ಟ್ ಕ್ಲಾಸ್ ತಪ್ಪಿತ್ತು. ಯಾವ ಅಂಕ ಎಂದು ನನಗೆ ಗೊತ್ತಿತ್ತು. ನನ್ನ ವಿದ್ಯಾರ್ಥಿನಿ, ನನ್ನದೇ ನಿಯಮ ಮುರಿದು ಅಂಕ ಕಳೆದುಕೊಂಡದ್ದು. ಸಿಹಿ ಹಿಡಿದು ಬಂದವಳನ್ನು ಹೊಗಳುವುದು ಬಿಟ್ಟು ಗದರಿಸಿದೆ.

"ಅಷ್ಟು ಸಲ ಹೇಳಿದ್ದೆ ಶಾರದಕ್ಕ. ಆ ಹೆಸರನ್ನ ಒಳಗೇ ಬರೆದಿದ್ದರೆ ಆಗ್ತಿರಲಿಲ್ವಾ?"

ಅವಳು ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದಿಟ್ಟಳು.

"ಐವತ್ತು ವರ್ಷ ಒಳಗೇ ಇತ್ತಲ್ಲ ಮಿಸ್," ಎಂದಳು.